ಮನೆಯ ಮೇಲಿನ ಅರ್ಧ

ಹೈಡನ್‌ಪೋರ್ಟ್, ಓಹಾಯೊ
ಭಾನುವಾರ, 27 ಮಾರ್ಚ್ 1887

ನನ್ನ ಮುದ್ದಿನ ಟೀಲಿ ಅಕ್ಕ,

ಇದು ಮೊದಲ ಹಾಳೆ. ಅಪ್ಪ ಇದ್ದಾಗಿನಿಂದ ನಡೆದುಬಂದ ಪದ್ಧತಿಯಂತೆ ಇದನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದು. ಎರಡನೆಯ ಹಾಳೆ ನಿನಗೊಬ್ಬಳಿಗೆ. ಲೊರೆಂಟ್ಸ್ ಭಾವ, ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡು ನಗಬೇಡಿ. ಮದುವೆಯಾದ ಮೇಲೆ ನಾನು ಬರೆಯುತ್ತಿರುವ ಮೊದಲ ದೊಡ್ಡ ಪತ್ರ ಇದು.

ನಾನು ಸುಖವಾಗಿದ್ದೇನೆ. ಎಷ್ಟು ಅಂದರೆ, ಬೆಳಿಗ್ಗೆ ಕಾಫಿ ಬೀಜ ಬೀಸುವಾಗ ನನಗೇ ಗೊತ್ತಿಲ್ಲದೆ ಹಾಡುತ್ತೇನೆ. ಆಗ ಕೆಳಗಿನ ಬೇಕರಿಯ ಹೂಬರ್ ಅಮ್ಮ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ಗುದ್ದಿ, ರಾಗ ತಪ್ಪಿತು ಎಂದು ತಿಳಿಸುತ್ತಾಳೆ. ಬೇಕರಿಯ ಮೇಲಿನ ಎರಡು ಕೋಣೆ ನಮ್ಮದು. ನೆಲ ಯಾವಾಗಲೂ ಬೆಚ್ಚಗೆ, ಬಟ್ಟೆಗೆಲ್ಲ ಬ್ರೆಡ್ಡಿನ ವಾಸನೆ. ಒಂದು ಪಕ್ಕದಲ್ಲಿ ನದಿ, ಇನ್ನೊಂದು ಪಕ್ಕದಲ್ಲಿ ಹೆಬ್ಬಾತು ಸಾಕುವ ಕಿವುಡಿ ವಿಧವೆ ಫ್ರಾಂಕೆ. ನೆರೆಹೊರೆ ಅಂದರೆ ಅಷ್ಟೇ.

ಊರಿನವರು ನನ್ನ ಕಿಲಿಯನ್‌ನನ್ನು ನೋಡುವ ರೀತಿಯನ್ನು ನೀನು ನೋಡಬೇಕು ಅಕ್ಕ. ಅವನು ಬೀದಿಗಿಳಿದರೆ ಗಾಡಿಯವರು ಕುದುರೆ ನಿಲ್ಲಿಸಿ, ಈ ಸಲ ಮಿಲ್‌ಹ್ಯಾವನ್ನಿನವರನ್ನು ಹೇಗೆ ಬಗ್ಗುಬಡಿಯುತ್ತೀ ಎಂದು ಕೇಳುತ್ತಾರೆ. (ಕ್ಷಮಿಸಿ ಭಾವ, ನೀವು ಚೆಂಡು ಎಸೆಯುವುದು ಅದೇ ತಂಡಕ್ಕೆ ಎಂದು ನನಗೆ ನೆನಪಿದೆ.) ತಂಬಾಕಿನ ಪೊಟ್ಟಣದೊಳಗೆ ಅವನ ಚಿತ್ರದ ಚೀಟಿ ಬರುತ್ತದೆ: ಚರ್ಚಿನ ಗೋಪುರದ ಹಾಗೆ ನೆಟ್ಟಗೆ ನಿಂತು, ಬ್ಯಾಟನ್ನು ಸೊಂಟದ ಹತ್ತಿರ ಹಿಡಿದುಕೊಂಡ ಚಿತ್ರ. ಪತ್ರಿಕೆಯವರೂ ಅವನನ್ನು ಗೋಪುರ ಎಂದೇ ಕರೆಯುವುದು. ಆರು ಬೇಸಿಗೆಯಿಂದ ಈ ಬೇಸ್‌ಬಾಲ್ ಲೀಗಿನಲ್ಲಿ ಅವನಷ್ಟು ಹೊಡೆದವರು ಯಾರೂ ಇಲ್ಲ. ಅಮ್ಮ ಮಾತ್ರ ಈಗಲೂ ಅವನನ್ನು ಕೋಲು ಬೀಸುವವನು ಅನ್ನುತ್ತಾಳೆ. ಕೋಲು ಬೀಸುವವನು ಭಾನುವಾರ ಬಿಟ್ಟು ಉಳಿದ ದಿನ ಏನು ಮಾಡುತ್ತಾನೆ ಎಂದು ಮದುವೆಯ ಊಟದಲ್ಲೇ ಕೇಳಿದಳಲ್ಲ, ಆಗ ಅವನು ಉಳಿದ ದಿನವೂ ಬೀಸುತ್ತೇನೆ ಅಂದನಲ್ಲ, ನೆನಪಾದಾಗೆಲ್ಲ ನಾನು ಒಬ್ಬಳೇ ನಗುತ್ತೇನೆ.

ಅವನ ಪ್ರೀತಿಯ ಒಂದು ಮಾತು ಹೇಳುತ್ತೇನೆ, ಮೇಜಿನಲ್ಲಿ ಹೇಳಬಹುದಾದ್ದೇ. ಈ ಮನೆಗೆ ಬಂದ ದಿನವೇ ಅವನು ಬಾಗಿಲಲ್ಲಿ ನಿಂತು ನನ್ನ ಗಲ್ಲದ ನೇರಕ್ಕೆ ಗಾಳಿಯಲ್ಲಿ ಒಂದು ಗೆರೆ ಎಳೆದ. "ಇದರ ಮೇಲಿನ ಅರ್ಧ ನಿನ್ನದು, ಕೆಳಗಿನ ಅರ್ಧ ನಂದು. ಮೇಲೆ ನಾನು ಕೈ ಹಾಕಲ್ಲ" ಅಂದ. ಹಾಗೇ ನಡೆಯುತ್ತಿದೆ. ಪಾತ್ರೆಯ ಹಲಗೆ, ಪರದೆಯ ಸರಳು, ದೀಪದ ಕೊಕ್ಕೆ ಎಲ್ಲ ನನ್ನ ರಾಜ್ಯ. ನಾನು ಸ್ಟೂಲು ಹತ್ತುತ್ತೇನೆ, ಅವನು ಸ್ಟೂಲು ಹಿಡಿದುಕೊಂಡು ನನ್ನನ್ನೇ ನೋಡುತ್ತಾನೆ. ಜಗಳ ಇರುವುದು ನೀವು ಕೊಟ್ಟ ಗೋಡೆ ಗಡಿಯಾರದ ಮೇಲೆ ಮಾತ್ರ. ಅಷ್ಟು ಭಾರದ್ದನ್ನು ತೂಗುಹಾಕುವುದು ಗಂಡಸಿನ ಕೆಲಸ ಎಂದು ನಾನು, ಅದು ಮೇಲಿನ ಅರ್ಧಕ್ಕೆ ಸೇರಿದ್ದು ಎಂದು ಅವನು. ಪಾಪ, ಗಡಿಯಾರ ಇನ್ನೂ ಕುರ್ಚಿಯ ಮೇಲೆ ಅತಿಥಿಯ ಹಾಗೆ ಕೂತಿದೆ.

(ಎರಡನೆಯ ಹಾಳೆ)

ಈಗ ನಾವಿಬ್ಬರೇ. ಅಕ್ಕ, ನನಗೆ ಒಂದು ಕುತೂಹಲ ಹತ್ತಿಕೊಂಡಿದೆ, ಬಿಡುತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಹಿಸಿಕೋ. ಹೊಸದಾಗಿ ಮತಕ್ಕೆ ಸೇರಿದವರು ಪಾದ್ರಿಗೇ ಪ್ರಾರ್ಥನೆ ಹೇಳಿಕೊಡುತ್ತಾರಂತೆ. ಹೋದ ವರ್ಷದವರೆಗೆ ಬ್ಯಾಟ್ ಹಿಡಿದು ನಿಂತವನು ತನಗೆ ಬೇಕಾದ ಚೆಂಡನ್ನು ಬಾಯಿಬಿಟ್ಟು ಕೇಳಬಹುದಿತ್ತು. ಮೇಲೆ ಅಂದರೆ ಎಸೆಯುವವನು ಸೊಂಟದಿಂದ ಭುಜದೊಳಗೆ ಎಸೆಯಬೇಕು. ಕೆಳಗೆ ಅಂದರೆ ಸೊಂಟದಿಂದ ಮಂಡಿಯೊಳಗೆ. ಜವಳಿ ಅಂಗಡಿಯಲ್ಲಿ ಬೇಕಾದ ಬಣ್ಣ ಕೇಳಿದ ಹಾಗೆ. ಆರು ಬೇಸಿಗೆಯೂ ಕಿಲಿಯನ್ ಕೇಳಿದ್ದು ಒಂದೇ: ಕೆಳಗೆ. ಈ ಚಳಿಗಾಲದಲ್ಲಿ ದೊಡ್ಡವರೆಲ್ಲ ಕೂತು ಆ ನಿಯಮವನ್ನು ಕಿತ್ತುಹಾಕಿದರು. ಇನ್ನು ಕೇಳುವ ಹಾಗಿಲ್ಲ. ಮಂಡಿಯಿಂದ ಭುಜದವರೆಗೆ ಎಲ್ಲಿ ಬಂದರೂ ಹೊಡೆಯಬೇಕು.

ಹಾಗಾದರೆ ಇಷ್ಟು ವರ್ಷ ಒಮ್ಮೆಯಾದರೂ ಯಾಕೆ ಮೇಲಿನ ಚೆಂಡು ಕೇಳಲಿಲ್ಲ? ರುಚಿ ನೋಡುವುದಕ್ಕಾದರೂ? ಅವನನ್ನು ಕೇಳಿದರೆ ನನ್ನ ಹಣೆಗೆ ಮುತ್ತು ಕೊಟ್ಟು, ಇವತ್ತು ಸಾರಿಗೆ ಏನು ಹಾಕಿದ್ದೀಯ ಅನ್ನುತ್ತಾನೆ. ಕ್ಷೌರದ ಯೋಸ್ಟ್‌ನನ್ನು ಕೇಳಿದೆ. ಕಿಲಿಯನ್ ಕನ್ಯಾಮಾತೆಗೆ ಹರಕೆ ಹೊತ್ತಿದ್ದಾನೆ ಅಂದ. ಹೂಬರ್ ಅಮ್ಮ, ಅದು ವಿನಯ, ದೊಡ್ಡ ಮನುಷ್ಯರು ಕೆಳಗೇ ನೋಡುವುದು ಅಂದಳು. ಪತ್ರಿಕೆಯವನೊಬ್ಬ, ಗಿಡುಗನ ಕಣ್ಣು ಕೆಳಮುಖವಾಗಿಯೇ ಚುರುಕು ಎಂದು ಅರ್ಧ ಪುಟ ಬರೆದಿದ್ದಾನೆ. ನನಗೆ ಮೂರೂ ಇಷ್ಟವಾಯಿತು, ಒಂದನ್ನೂ ನಂಬಲಾಗಲಿಲ್ಲ. ಇನ್ನೊಂದು: ಅವನು ಆಡುವುದು ಎರಡನೆಯ ಬೇಸಿನ ಹತ್ತಿರ. ಅಲ್ಲಿ ಎತ್ತರಕ್ಕೆ ಹಾರಿ ಬಂದ ಚೆಂಡನ್ನೆಲ್ಲ ಪಕ್ಕದವರಿಗೆ ಬಿಟ್ಟುಕೊಡುತ್ತಾನೆ. ಎಷ್ಟು ಉದಾರಿ ನೋಡು.

ತಂಡದ ಹೊಸ ಯಜಮಾನ ಪ್ರಿಂಗಲ್‌ಗೆ ಮಾತ್ರ ಇದೆಲ್ಲ ತಮಾಷೆಯಲ್ಲ. ಮೇ ಮುಗಿಯುವವರೆಗೆ ನೋಡುತ್ತೇನೆ, ಮೇಲಿನ ಚೆಂಡು ಹೊಡೆಯಲಾಗದಿದ್ದರೆ ಇಂಡಿಯಾನಾದಿಂದ ಬೇರೆಯವನನ್ನು ಕರೆಸುತ್ತೇನೆ ಎಂದು ನನ್ನ ಎದುರಿಗೇ ಹೇಳಿದ. ಕಿಲಿಯನ್ ನಕ್ಕ. ನಾನೂ ನಕ್ಕೆ. ಕೆಳಗಿನದನ್ನು ಹಾಗೆ ಹೊಡೆಯುವವನಿಗೆ ಮೇಲಿನದು ಯಾವ ಲೆಕ್ಕ?

ನಿನ್ನ ಹುಚ್ಚು ತಂಗಿ,
ಅಫ್ರಾ (ಈಗ ಅಫ್ರಾ ಶ್ಟೋಲ್! ಸಹಿ ಮಾಡುವಾಗಲೆಲ್ಲ ಇನ್ನೂ ಮೈ ಜುಮ್ಮೆನ್ನುತ್ತದೆ)


ಮಿಲ್‌ಹ್ಯಾವನ್
4 ಏಪ್ರಿಲ್

ಅಫ್ರಾ,

ನಿನ್ನ ಪತ್ರ ತಲುಪಿತು. ಮೊದಲ ಹಾಳೆಯನ್ನು ಮೇಜಿನಲ್ಲಿ ಓದಿದೆ. ನಿನ್ನ ಭಾವ ಚೆನ್ನಾಗಿ ನಕ್ಕರು. ಮನೆಯ ಮೇಲಿನ ಅರ್ಧ ಎಂಬಲ್ಲಿ ಮಾತ್ರ ನಗಲಿಲ್ಲ. ಅದನ್ನು ಇನ್ನೊಮ್ಮೆ ಓದು ಅಂದರು, ಆಮೇಲೆ ಸುಮ್ಮನೆ ಪೈಪು ತುಂಬಿಕೊಂಡರು.

ಈ ವಸಂತದಲ್ಲಿ ಚೆಂಡು ಎಸೆಯುವವರೆಲ್ಲ ಮೀನಿನ ಅಂಗಡಿಯ ಬಾಗಿಲು ತೆರೆದಿರುವುದನ್ನು ಕಂಡ ಬೆಕ್ಕುಗಳ ಹಾಗಿದ್ದಾರೆ. ನಿನ್ನ ಗಂಡನಿಗೆ ಏನು ಎಸೆಯಬೇಕು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅವನಿಗೆ ಹೇಳು.

ಗಂಡಸರು ನಮಗೆ ಏನನ್ನಾದರೂ ಪೂರ್ತಿ ಬಿಟ್ಟುಕೊಟ್ಟರೆ, ಥ್ಯಾಂಕ್ಸ್ ಹೇಳುವ ಮೊದಲು ಯಾಕೆ ಎಂದು ಒಮ್ಮೆ ನೋಡಬೇಕು. ನಮ್ಮವರು ಹಿತ್ತಲಿನ ತೋಟವನ್ನು ನನಗೆ ಹೀಗೇ ಬಿಟ್ಟುಕೊಟ್ಟಿದ್ದರು. ಆಮೇಲೆ ನೋಡಿದರೆ ಅವರಿಗೆ ಎರೆಹುಳ ಕಂಡರೆ ಹೆದರಿಕೆ.

ಕಾಲು ಬೆಚ್ಚಗಿಟ್ಟುಕೋ.

ಟೀಲಿ


ಹೈಡನ್‌ಪೋರ್ಟ್
1 ಮೇ

ನನ್ನ ಟೀಲಿ ಅಕ್ಕ, ಭಾವ,

ಮೊದಲ ಹಾಳೆ. ಇಲ್ಲಿ ಎಲ್ಲ ಚೆನ್ನಾಗಿದೆ. ನದಿ ತುಂಬಿ ಹರಿಯುತ್ತಿದೆ, ಅತ್ತೆ ಬಂದು ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಮಾಡುವುದನ್ನು ಹೇಳಿಕೊಟ್ಟು ಹೋದರು, ನನ್ನದು ಇಟ್ಟಿಗೆಯಾಯಿತು, ಕಿಲಿಯನ್ ಅದನ್ನೂ ತಿಂದ. ಪಂದ್ಯಗಳು ಶುರುವಾಗಿವೆ. ಅವುಗಳ ವಿಷಯ ಪತ್ರಿಕೆಯಲ್ಲಿ ಬರುವುದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಭಾವ, ಇದು ನಿಮಗೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಪೀಪಾಯಿ ಮಾಡುವವನು, ಭಾನುವಾರ ಪೀಪಾಯಿಯವರ ತಂಡದಲ್ಲಿ ಆಡುತ್ತಾನೆ. ಅವನಿಗೆ ಹದಿನಾಲ್ಕು ವರ್ಷವಾಗಿದ್ದಾಗ ಬಿಯರ್ ಕಾರ್ಖಾನೆಯ ಮಂಜುಗಡ್ಡೆಯ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದನಂತೆ. ಒಂದು ಗಡ್ಡೆ ಕೊಕ್ಕೆಯಿಂದ ಜಾರಿ ಎಡ ಭುಜದ ಮೇಲೆ ಬಿತ್ತು. ಮೂಳೆ ಕೂಡಿತು, ಆದರೆ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಕೈ ಇಲ್ಲದವನನ್ನು ಯಾರು ಆಟಕ್ಕೆ ಕರೆಯುತ್ತಾರೆ ಎಂದು ಅವನು ಯಾರಿಗೂ ಹೇಳಲಿಲ್ಲ. ಸಂಜೆ ಸಂಜೆ ನದಿಯ ದಂಡೆಗೆ ಹೋಗಿ ತಾನೇ ಕಲ್ಲು ಚಿಮ್ಮಿ ತಾನೇ ಹೊಡೆಯುತ್ತಿದ್ದ, ಕೆಳಗಿನದನ್ನು ಮಾತ್ರ, ಬೇರೆ ಗತಿಯಿಲ್ಲದೆ. ಹೊಡೆದು ಹೊಡೆದು ಕೆಳಗಿನ ಚೆಂಡಿಗೆ ಅವನಂಥವನಿಲ್ಲ ಎನ್ನುವ ಹಾಗಾಯಿತು. ಜನ ಅದನ್ನು ದೇವರು ಕೊಟ್ಟ ವರ ಅಂದರು. ವರ ಕೊಟ್ಟದ್ದು ಮಂಜುಗಡ್ಡೆ ಎಂದು ಅವನ ತಾಯಿಗೆ ಮಾತ್ರ ಗೊತ್ತು. ಅವರು ನನಗೆ ಹೇಳಿದರು. ಅವರೂ ಒಣದ್ರಾಕ್ಷಿಯ ಬ್ರೆಡ್ಡು ಚೆನ್ನಾಗಿ ಮಾಡುತ್ತಾರೆ.

ನನಗೆ ಸುಮ್ಮನೆ ಕುತೂಹಲ ಭಾವ. ಇಂಥ ಹುಡುಗ ನಿಮ್ಮ ಎದುರಿಗೆ ಬಂದರೆ ಮೇಲಿನ ಚೆಂಡು ಎಸೆದು ಕಳಿಸುತ್ತೀರಿ, ಅದು ನನಗೂ ಗೊತ್ತು. ನಾನು ಕೇಳುವುದು ಬೇರೆ. ಎಸೆಯುವವರಿಗೆ ಭಯವಾಗುವುದು ಎಂಥವನನ್ನು ಕಂಡರೆ? ಯಾವ ರೀತಿ ನಿಂತವನನ್ನು ನೋಡಿದರೆ ನಿಮಗೆ ಬೈಯಬೇಕು ಅನ್ನಿಸುತ್ತದೆ?

(ಎರಡನೆಯ ಹಾಳೆ)

ಅಕ್ಕ, ಈ ಹಾಳೆಯಲ್ಲಿಯೂ ಹೆಚ್ಚು ಬರೆಯಲಾರೆ. ಮಾತು ಕೊಟ್ಟಿದ್ದೇನೆ. ಒಂದು ದಿನ ಮಧ್ಯಾಹ್ನ ಮಾರುಕಟ್ಟೆಯಿಂದ ಬೇಗ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೋಡಿದವಳು ಸದ್ದಿಲ್ಲದೆ ಮೆಟ್ಟಿಲಿಳಿದು, ಬೀದಿಯ ಕೊನೆಯವರೆಗೆ ಹೋಗಿ, ಮತ್ತೆ ಜೋರಾಗಿ ಹಾಡುತ್ತಾ ಮೆಟ್ಟಿಲು ಹತ್ತಿದೆ. ಹೂಬರ್ ಅಮ್ಮ ಪೊರಕೆಯಿಂದ ಗುದ್ದಿದಳು. ಗುದ್ದಲಿ ಎಂದೇ ಹಾಡಿದ್ದು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಸರಿಯಾಗಿತ್ತು, ಗಡಿಯಾರ ಕುರ್ಚಿಯ ಮೇಲೆ ಕೂತಿತ್ತು.

ಇಂಡಿಯಾನಾದ ಹುಡುಗ ಬಂದಿದ್ದಾನೆ. ಅವನ ಹೆಸರು ಕೇಳಿಕೊಳ್ಳುವ ಮನಸ್ಸೂ ನನಗಿಲ್ಲ. ಬೆಂಚಿನ ಮೇಲೆ ಕೂತು ಸೇಬು ತಿನ್ನುತ್ತಾನೆ. ಕಿಲಿಯನ್ ಮನೆಗೆ ಬಂದ ಮೇಲೆ ಆಟದ ಮಾತನ್ನೇ ಎತ್ತುವುದಿಲ್ಲ. ಸ್ಟೂಲು ಹಿಡಿದುಕೊಳ್ಳುವಾಗ ಈಗ ನನ್ನ ಮುಖ ನೋಡುವುದಿಲ್ಲ. ಅಕ್ಕ, ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ಮಂಜುಗಡ್ಡೆಯ ನೆಲಮಾಳಿಗೆ ಈಗಲೂ ಅಲ್ಲೇ ಇದೆ.

ಅಫ್ರಾ


ಮಿಲ್‌ಹ್ಯಾವನ್
8 ಮೇ

ಅಫ್ರಾ,

ಮೊದಲ ಹಾಳೆ ಓದಿದೆ. ನಿನ್ನ ಭಾವ ಎರಡು ಪೈಪು ಸೇದುವಷ್ಟು ಹೊತ್ತು ಯೋಚಿಸಿದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಎತ್ತರದವನು, ದಪ್ಪದವನು, ಬಲದವನು, ಇವರು ಯಾರ ಭಯಾನೂ ನಂಗಿಲ್ಲ. ನಂಗೆ ಬೈಬೇಕು ಅನ್ಸೋದು ಕುಳ್ಳ ಹ್ಯಾಗರ್ಟೀನ ನೋಡಿದ್ರೆ. ಅವನ ಭುಜ ಇರೋದೇ ಬೇರೆಯವರ ಸೊಂಟದ ಹತ್ರ. ಎಲ್ಲಿಗೆ ಅಂತ ಎಸೀಲಿ? ಭುಜ ಎಲ್ಲಿದ್ಯೋ ಅಲ್ಲಿಗೆ ಮೇಲು ಮುಗೀತು. ಕುಳ್ಳನಿಗೆ ಮೇಲು ಅನ್ನೋದೇ ಇಲ್ಲ."

ಇನ್ನೊಂದನ್ನೂ ಹೇಳಿದರು. ಈ ವರ್ಷ ಐದು ಚೆಂಡು ದಾರಿ ತಪ್ಪಿದರೆ ಬ್ಯಾಟ್ ಹಿಡಿದವನಿಗೆ ಮೊದಲ ಬೇಸು ಪುಕ್ಕಟೆ, ಪತ್ರಿಕೆಯವರು ಅದನ್ನೂ ಒಂದು ಹೊಡೆತ ಎಂದೇ ಎಣಿಸುತ್ತಾರೆ. ತಾಳ್ಮೆ ಇರುವ ಕುಳ್ಳನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲವಂತೆ. ನಿಮ್ಮ ನೆರೆಯವನಿಗೆ ತಿಳಿಸಬೇಕಂತೆ.

ಇದು ಎರಡನೆಯ ಹಾಳೆಯಲ್ಲ, ಆದರೂ ಬರೆಯುತ್ತೇನೆ. ಮಾರ್ಚಿನಲ್ಲಿ ನಿನ್ನ ಪಕ್ಕದ ಮನೆಯಲ್ಲಿ ಹೆಬ್ಬಾತು ಸಾಕುವ ಕಿವುಡಿ ವಿಧವೆ ಇದ್ದಳು. ಮೇ ಬರುವಷ್ಟರಲ್ಲಿ ಪೀಪಾಯಿ ಮಾಡುವ ಹುಡುಗ ಬಂದಿದ್ದಾನೆ. ನಿಮ್ಮ ಊರಲ್ಲಿ ಮನೆ ಬದಲಾಯಿಸುವುದು ಬಹಳ ಸುಲಭ ಇರಬೇಕು. ನಾನು ನಿನ್ನ ಭಾವನಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ.

ತಿಂಗಳ ಕೊನೆಗೆ ನಮ್ಮವರು ನಿಮ್ಮ ಊರಿಗೆ ಆಡಲು ಬರುತ್ತಾರೆ. ಅವರಿಗೆ ಸೌತೆಕಾಯಿ ಆಗುವುದಿಲ್ಲ.

ಟೀಲಿ


ಹೈಡನ್‌ಪೋರ್ಟ್
ಮಂಗಳವಾರ, 31 ಮೇ

ನನ್ನ ಬಂಗಾರದ ಅಕ್ಕ,

ಈ ಸಲ ಮೊದಲ ಹಾಳೆಯೇ ಇಲ್ಲ. ಎಲ್ಲವೂ ಎರಡನೆಯ ಹಾಳೆ. ಮೇಜಿನಲ್ಲಿ ಕೇಳಿದರೆ ಅಫ್ರಾ ಹವಾಮಾನದ ವಿಷಯ ಬರೆದಿದ್ದಾಳೆ ಅಂದುಬಿಡು. ನಿನ್ನೆ ಹವೆ ಚೆನ್ನಾಗಿತ್ತು, ಸುಳ್ಳಾಗುವುದಿಲ್ಲ.

ಬರೆ ಎಂದು ಅವನೇ ಹೇಳಿದ್ದಾನೆ, ಆದ್ದರಿಂದ ಬರೆಯುತ್ತೇನೆ. ಅವತ್ತು ಬಾಗಿಲಿನಿಂದ ನಾನು ಕಂಡದ್ದು ಇದು. ನನ್ನ ಹೆಸರಿನ ಸಂತಳ ಹಬ್ಬಕ್ಕೆ ಮುಂಚಿತವಾಗಿಯೇ ನನಗೊಂದು ಸಂತೋಷ ಮಾಡೋಣ ಎಂದು ಅವನು ಗಡಿಯಾರ ತೂಗುಹಾಕುತ್ತಿದ್ದ. ಬಲಗೈಯಲ್ಲಿ ಎತ್ತಿ ಹಿಡಿದಿದ್ದ. ಎಡಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಆ ಮೊಣಕೈಯನ್ನು ಗೋಡೆಗೆ ಒತ್ತಿ, ಗೋಡೆಯನ್ನೇ ಏಣಿ ಮಾಡಿಕೊಂಡು ಮೇಲಕ್ಕೆ ತಳ್ಳುತ್ತಿದ್ದ. ಗಡಿಯಾರ ಜಾರಿತು. ಎದೆಯಿಂದ, ಮಂಡಿಯಿಂದ ಹೇಗೋ ತಡೆದು, ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತ. ಒಡೆಯಿತೋ ಎಂದು ಕಿವಿಗೆ ಹಿಡಿದು ಕೇಳಿದ. ಅಷ್ಟರಲ್ಲಿ ನಾನು ಮೆಟ್ಟಿಲಿಳಿದಿದ್ದೆ.

ಅದರ ಮರುದಿನವೇ ಅತ್ತೆಯ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವರು ಹಿಟ್ಟು ನಾದುತ್ತಾ ಎಲ್ಲ ಹೇಳಿ, ಕೊನೆಗೆ ಅದೇ ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದರು. ಪಕ್ಕದ ಮನೆಯ ಹುಡುಗ ಹುಟ್ಟಿದ್ದು ಹಾಗೆ.

ಭಾವನ ಮಾತು ಬಂದ ದಿನ ನಾನು ಕುಣಿದೆ. ಕಿಲಿಯನ್‌ಗೆ ಹೇಳಿದಾಗ ಅವನು ಕುಣಿಯಲಿಲ್ಲ. ನನಗೆ ಗೊತ್ತಾಗಿದೆ ಎಂಬುದನ್ನು ಅರಗಿಸಿಕೊಳ್ಳುವುದಕ್ಕೇ ಅವನಿಗೆ ಒಂದು ಸಂಜೆ ಬೇಕಾಯಿತು. ನದಿಯ ದಂಡೆಯಲ್ಲಿ ಒಬ್ಬನೇ ನಡೆದು ಬಂದ. ಬಗ್ಗಿ ನಿಂತು ಭುಜವನ್ನೇ ಕೆಳಗಿಳಿಸಬೇಕು ಎಂಬ ನನ್ನ ಮಾತಿಗೆ ಮಾತ್ರ ಸಿಟ್ಟೇ ಬಂತು. ಮದುವೆಯಾದ ಮೇಲೆ ಮೊದಲನೆಯ ಸಿಟ್ಟು ಅಕ್ಕ, ಅದೂ ನನಗೆ ಹೊಸದು.

"ಆರು ವರ್ಷ ನೆಟ್ಟಗೆ ನಿಂತೋನು ನಾನು. ಊರೆಲ್ಲ ಗೋಪುರ ಅಂತಾರೆ. ಈಗ ಕಾವಿಗೆ ಕೂತ ಕೋಳಿ ಥರ ಕೂರಬೇಕಾ?"

"ಕೂತ ಕೋಳಿಗೆ ಮರಿಯಾದ್ರೂ ಆಗತ್ತೆ. ನಿಂತ ಗೋಪುರಕ್ಕೆ ಏನಾಗತ್ತೆ? ಕಾಗೆ ಕೂರತ್ತೆ."

ಅವನು ಬಾಗಿಲು ಹಾಕಿಕೊಂಡು ಹೋದ. ಮತ್ತೆ ಬಂದಾಗ ಬಾಯಿಯ ಒಂದು ಮೂಲೆಯಲ್ಲಿ ನಗು ಇತ್ತು. ಬೀದಿಯಲ್ಲಿ ಕಾಗೆಯ ಮಾತು ನೆನಪಾಯಿತಂತೆ.

ಆಮೇಲೆ ನಮ್ಮ ಅಭ್ಯಾಸ ಶುರುವಾಯಿತು. ಬೇಕರಿಯ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗವನ್ನು ಅವನ ಎಡಗೈ ಏಳುವಷ್ಟೇ ಎತ್ತರಕ್ಕೆ ಕಟ್ಟಿದೆ. ಭುಜ ಆ ಹಗ್ಗದ ಕೆಳಗಿರಬೇಕು. ಮೇಲೆದ್ದರೆ ಒದ್ದೆ ಕಾಲುಚೀಲ ಮುಖಕ್ಕೆ ತಾಗುತ್ತದೆ. ಚೆಂಡಿನ ಬದಲು ಹೂಬರ್ ಅಮ್ಮನ ಹಳಸಿದ ಬನ್ನುಗಳು. ನಾನು ಎಸೆಯುತ್ತಿದ್ದೆ, ಅವನು ಹೊಡೆಯುತ್ತಿದ್ದ, ಚೂರುಗಳನ್ನು ಫ್ರಾಂಕೆಯ ಹೆಬ್ಬಾತುಗಳು ತಿನ್ನುತ್ತಿದ್ದವು. ಊರಿನವರಿಗೆ ಕಾಣಬಾರದು ಎಂದು ಒಂದು ಹೊದಿಕೆ ಅಡ್ಡ ಕಟ್ಟಿದ್ದೆವು. ಮೊದಲು ತೊಡೆ ಹಿಡಿದುಕೊಂಡು ಕುಂಟಿದ. ನಿಧಾನವಾಗಿ ಬಗ್ಗುವುದು ಅವನ ಮೈಗೆ ಬಂತು. ಬಂದ ಮೇಲೆ ನೋಡಬೇಕಿತ್ತು, ಬನ್ನುಗಳು ಹೊದಿಕೆಯಾಚೆ ಹಾರಿ ನದಿಗೇ ಬೀಳುತ್ತಿದ್ದವು. ಆದರೆ ಮೈದಾನಕ್ಕೆ ಹೋದಾಗಲೆಲ್ಲ ಜನರನ್ನು ಕಂಡೊಡನೆ ಅವನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಗುತ್ತಿತ್ತು. ಮೇಲಿನ ಚೆಂಡು ಬರುತ್ತಿತ್ತು, ಅವನು ಬೀಸುತ್ತಿದ್ದ, ತಪ್ಪುತ್ತಿತ್ತು. ಪಂದ್ಯದ ಮೇಲೆ ಪಂದ್ಯ ಹೀಗೇ. ಪ್ರಿಂಗಲ್ ನಿನ್ನೆಯ ಪಂದ್ಯವನ್ನೇ ಕೊನೆಯ ಗಡುವು ಮಾಡಿದ. ಎಸೆಯುವವರು ಯಾರು ಎಂದು ನಿನಗೆ ಗೊತ್ತು.

ನಿನ್ನೆ ಸೈನಿಕರ ಸಮಾಧಿಗೆ ಹೂವಿಡುವ ದಿನ. ಬೆಳಿಗ್ಗೆ ಎಲ್ಲರೂ ಹೂವಿಟ್ಟು, ಮಧ್ಯಾಹ್ನ ಅದೇ ಒಳ್ಳೆಯ ಬಟ್ಟೆಯಲ್ಲಿ ಮೈದಾನಕ್ಕೆ ಬಂದಿದ್ದರು. ಅಮ್ಮನೂ ಬಂದಿದ್ದಳು ಅಕ್ಕ, ಹೇಳದೆ ಕೇಳದೆ, ಕಪ್ಪು ಟೋಪಿ ಹಾಕಿಕೊಂಡು. ಕೋಲು ಬೀಸುವುದನ್ನು ಒಮ್ಮೆ ನೋಡಿಬಿಡೋಣ ಎಂದು ಬಂದೆ ಅಂದಳು.

ಮೊದಲ ಸಲ ಕಿಲಿಯನ್ ಬ್ಯಾಟ್ ಹಿಡಿದು ಬಂದಾಗ ಜನರೆಲ್ಲ ಟೋಪಿ ತೆಗೆದರು. ಅದೇ ಮುಳುವಾಯಿತು. ಗೋಪುರದ ಹಾಗೆ ನಿಂತ. ಭಾವ ಒಂದೇ ಜಾಗಕ್ಕೆ, ಭುಜದ ಒಂದು ಗೇಣು ಕೆಳಗೆ, ಮೊಳೆ ಹೊಡೆದ ಹಾಗೆ ಎಸೆದರು. ಬೀಸಿದ, ತಪ್ಪಿದ, ಮತ್ತೆ ತಪ್ಪಿದ, ತಲೆ ತಗ್ಗಿಸಿ ಬಂದು ಕೂತ. ಯಾರೂ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಅಮ್ಮ ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡತನ. ಇಂಡಿಯಾನಾದವನು ಸೇಬು ಮುಗಿಸಿ ಕೈ ಒರೆಸಿಕೊಂಡ.

ಎರಡನೆಯ ಸಲ ಅವನು ಎದ್ದು ಬರುವಾಗ ನನಗೆ ಏನು ತೋಚಿತೋ ಕಾಣೆ. ನನ್ನ ಕೈಚೀಲದಲ್ಲಿ ಅವನ ಒಂದು ಕಾಲುಚೀಲ ಇತ್ತು, ಹೊಲಿಯಲೆಂದು ಇಟ್ಟುಕೊಂಡಿದ್ದೆ. ಬೇಲಿಯ ಹತ್ತಿರ ಹೋಗಿ ಅದನ್ನು ಮೇಲಿನ ಹಗ್ಗಕ್ಕೆ ತೂಗುಹಾಕಿದೆ. ಪಕ್ಕದ ಹೆಂಗಸರು ನನಗೆ ಬಿಸಿಲು ಬಡಿದಿದೆ ಎಂದುಕೊಂಡಿರಬೇಕು. ಕಿಲಿಯನ್ ನೋಡಿದ. ಬಹಳ ಹೊತ್ತು ನೋಡಿದ ಎಂದು ನನಗೆ ಅನ್ನಿಸುತ್ತದೆ, ಅಂಪೈರ್ ಕರೆಯುವವರೆಗೆ. ಆಮೇಲೆ ಜಾಗಕ್ಕೆ ಹೋಗಿ ಮಂಡಿ ಬಗ್ಗಿಸಿದ. ಇನ್ನೂ ಬಗ್ಗಿದ. ಬೆನ್ನು ಮಡಚಿ, ಗಲ್ಲವನ್ನು ಮಂಡಿಯ ಹತ್ತಿರಕ್ಕೆ ತಂದು, ನಮ್ಮ ಗೋಪುರ ಅಷ್ಟು ಜನರ ಎದುರಿಗೆ ಕುಳ್ಳನಾಗಿ ಕೂತುಬಿಟ್ಟ.

ಮೊದಲು ಒಬ್ಬ ಕೊಕ್ಕೋ ಅಂದ. ಆಮೇಲೆ ಮೈದಾನವೆಲ್ಲ ಕೋಳಿಗೂಡಾಯಿತು. ಮಿಲ್‌ಹ್ಯಾವನ್ನಿನವರು ಮೊಟ್ಟೆ ಎಷ್ಟು ಎಂದು ಕೇಳಿದರು. ಅವನ ಕುತ್ತಿಗೆ ಕೆಂಪಾದದ್ದು ನನಗೆ ಬೇಲಿಯಿಂದಲೇ ಕಂಡಿತು, ಆದರೆ ಬೆನ್ನು ಏಳಲಿಲ್ಲ. ಭಾವ ಎಸೆದರು, ಅಂಪೈರ್ ಮೇಲೆ ಹೋಯಿತು ಅಂದ. ಮತ್ತೆ ಎಸೆದರು, ಅದೂ ಮೇಲೆ. ಐದು ತಪ್ಪಿ ಕಿಲಿಯನ್ ಪುಕ್ಕಟೆ ಮೊದಲ ಬೇಸಿಗೆ ಹೋದ. ಜನ ಇನ್ನೂ ನಕ್ಕರು. "ಏನು, ಓಡ್ದೇನೂ ಗೆಲ್ಲಬಹುದಾ ಇದರಲ್ಲಿ?" ಎಂದು ಅಮ್ಮ ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಮೊದಲ ಸಲ ಆಸಕ್ತಿ ಇತ್ತು.

ಮೂರನೆಯ ಸಲ ನಮ್ಮವರು ಇಬ್ಬರು ಬೇಸಿನ ಮೇಲಿದ್ದರು. ಕಿಲಿಯನ್ ಬಂದು ಯಾರ ಕಡೆಯೂ ನೋಡದೆ ನೇರವಾಗಿ ಬಗ್ಗಿದ. ಭಾವ ಚೆಂಡನ್ನು ಅಂಗೈಯಲ್ಲಿ ಉಜ್ಜುತ್ತಾ ಬಹಳ ಹೊತ್ತು ನಿಂತರು. ಎಸೆದ ಚೆಂಡು ಅವನ ಭುಜದ ಸ್ವಲ್ಪ ಕೆಳಗೆ ಬಂತು. ಬೇರೆಯವರಿಗೆ ಅದು ಸೊಂಟ. ನಮ್ಮ ಹಿತ್ತಲಿನ ಹಗ್ಗದ ಕೆಳಗೆ ನಾನು ನೂರಾರು ಬನ್ನು ಎಸೆದ ಜಾಗ. ಬ್ಯಾಟಿನ ಸದ್ದು ಮರ ಸೀಳಿದ ಹಾಗೆ ಕೇಳಿತು. ಚೆಂಡು ಬಲಗಡೆಯವನ ತಲೆಯ ಮೇಲಿಂದ ಹೋಗಿ, ಬಿಯರ್ ಗಾಡಿಗಳ ಕೆಳಗೆ ನುಗ್ಗಿ, ಕುದುರೆಗಳ ಕಾಲುಗಳ ನಡುವೆ ಕಳೆದುಹೋಯಿತು. ಅವರು ಗಾಡಿಯ ಕೆಳಗೆ ತೆವಳುತ್ತಿದ್ದಾಗ ಕಿಲಿಯನ್ ಸುತ್ತು ಮುಗಿಸಿ ಬಂದಿದ್ದ. ಕೊನೆಯವರೆಗೂ ಬಗ್ಗಿಕೊಂಡೇ ಓಡಿದ, ನೆಟ್ಟಗಾಗುವುದನ್ನು ಮರೆತಿದ್ದ. ಜನ ಮತ್ತೆ ಕೊಕ್ಕೋ ಅಂದರು, ಈ ಸಲ ಟೋಪಿ ಎಸೆಯುತ್ತಾ.

ಪಂದ್ಯ ನಾವೇ ಸೋತೆವು. ಹೌದು, ಆದರೂ. ಪ್ರಿಂಗಲ್ ಕಿಲಿಯನ್‌ಗೆ ಏನೂ ಹೇಳಲಿಲ್ಲ. ಇಂಡಿಯಾನಾದವನಿಗೆ ಮಾತ್ರ, ನೀನು ಎರಡನೆಯ ಬೇಸು ಬಿಟ್ಟು ಹೊರಗಿನ ಮೈದಾನ ಆಡಬಲ್ಲೆಯಾ ಎಂದು ಕೇಳಿದ. ಇಷ್ಟು ಕೇಳಿ ಹೂಬರ್ ಅಮ್ಮ ಇವತ್ತು ಬೆಳಿಗ್ಗೆ ಕೋಳಿಯಾಕಾರದ ಬನ್ನು ಸುಟ್ಟು ಕಿಟಕಿಯಲ್ಲಿಟ್ಟಿದ್ದಾಳೆ. ಅಮ್ಮ ಎರಡು ಕೊಂಡು ಊರಿಗೆ ಹೋದಳು. ರೈಲು ಹತ್ತುವ ಮೊದಲು, ಕೋಲನ್ನು ಚೆನ್ನಾಗಿಯೇ ಬೀಸುತ್ತಾನೆ ಅಂದಳು.

ಭಾವ ರಾತ್ರಿಯ ಊಟಕ್ಕೆ ನಿಲ್ಲಲಿಲ್ಲ, ತಂಡದ ರೈಲಿತ್ತು. ಸೌತೆಕಾಯಿ ಇಲ್ಲದೆ ಮಾಡಿದ ಅಡುಗೆ ವ್ಯರ್ಥವಾಯಿತು. ಮೈದಾನದ ಬಾಗಿಲಲ್ಲಿ ಕಿಲಿಯನ್‌ನ ಬಲಗೈ ಕುಲುಕಿದರು. ಆಮೇಲೆ ನನ್ನ ಕಡೆ ತಿರುಗಿ, ಟೋಪಿಯ ಅಂಚು ಮುಟ್ಟಿ, ಪೈಪು ಬಾಯಲ್ಲೇ ಇಟ್ಟುಕೊಂಡು ಹೇಳಿದರು:

"ನಿಮ್ಮ ಪಕ್ಕದ ಮನೆ ಹುಡುಗ ಪರವಾಗಿಲ್ಲ ಕಣಮ್ಮ. ಹ್ಯಾಗರ್ಟಿಗಿಂತ ಚೆನ್ನಾಗಿ ಬಗ್ತಾನೆ."

ಬೇಲಿಯ ಮೇಲೆ ಕಾಲುಚೀಲ ಮರೆತೆ ಎಂದು ಹೇಳಿ ನಾನು ಅಲ್ಲಿಂದ ಓಡಿದೆ.

ನಿನ್ನ ಸುಖೀ, ಸುಸ್ತಾದ, ಕುಳ್ಳನ ಹೆಂಡತಿ,
ಅಫ್ರಾ

ಮರೆತ ಮಾತು: ಇವತ್ತು ಗಡಿಯಾರವನ್ನು ಅವನೇ ತೂಗುಹಾಕಿದ, ಎರಡೂ ಕೈಯಲ್ಲಿ, ತನ್ನ ಎದೆಯ ಮಟ್ಟಕ್ಕೆ. ಗಂಟೆ ನೋಡಬೇಕಾದರೆ ನಾನು ಈಗ ಬಗ್ಗಬೇಕು. ಮನೆಯ ಮೇಲಿನ ಅರ್ಧ ಯಾರಿಗೂ ಬೇಡವಾಗಿ ಖಾಲಿ ಬಿದ್ದಿದೆ.

ಇನ್ನೂ ಒಂದು. ರಾತ್ರಿಯಿಂದ ಒಂದೇ ಯೋಚನೆ ಅಕ್ಕ. ಎರಡನೆಯ ಸಲ ಐದು ಚೆಂಡನ್ನೂ ಮೇಲೆ ಕಳಿಸಿದ ಭಾವ, ಮೂರನೆಯ ಸಲ ಅಷ್ಟು ಹೊತ್ತು ಚೆಂಡು ಉಜ್ಜುತ್ತಾ ನಿಂತು, ಅಲ್ಲಿಗೇ ಯಾಕೆ ಎಸೆದರು? ಅವರನ್ನು ಕೇಳಬೇಡ. ಕೇಳಿದರೆ ನನಗೆ ಬರೆಯಬೇಡ. ಬರೆಯಲೇಬೇಕು ಅನ್ನಿಸಿದರೆ ಎರಡನೆಯ ಹಾಳೆಯಲ್ಲಿ ಬರೆ. ಮೊದಲ ಹಾಳೆಯನ್ನು ನಾನು ಇಲ್ಲಿ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದುತ್ತೇನೆ, ಅವನು ಎದುರಿಗೇ ಕೂತಿರುತ್ತಾನೆ.